ಹಸುವಿಗೆ ಮಗುವಿನ ಪರಿಚಯ

ನನ್ನ ಅಕ್ಕನ ಮಗನಿಗೆ 4 ವರ್ಷ ಇದ್ದಾಗ ಅವನನ್ನು ಮೊದಲ ಸಲ ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋಗಿದ್ದೆ. ಹಸು ಅವನಿಗೆ ಗೊತ್ತಿತ್ತು, ಚಿತ್ರದ ಪುಸ್ತಕದಿಂದ. ಆ ಪುಸ್ತಕದ ಒಂದೇ ಪುಟದಲ್ಲಿ ಹಸು, ಕೋಳಿ, ಬೆಕ್ಕು ಎಲ್ಲ ಒಂದೇ ಅಳತೆಯಲ್ಲಿ ಇದ್ದವು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದವನೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಚಿಕ್ಕಮ್ಮಾ, ಇಷ್ಟು ದೊಡ್ಡದಾ?" ಎಂದ.

ಆಗ ಅವನ ತೂಕ 15 ಕಿಲೋ. ಎದುರಿಗೆ ನಿಂತಿದ್ದ ಹಸು ಕಡಿಮೆ ಅಂದರೂ 400 ಕಿಲೋ. ಅವನ 25 ಪಟ್ಟಿಗಿಂತ ಜಾಸ್ತಿ. ಆ ಲೆಕ್ಕದಲ್ಲಿ ನೋಡಿದರೆ ದೊಡ್ಡವರಾದ ನಮ್ಮೆದುರು ಒಂದು ನೀರಾನೆ ನಿಂತ ಹಾಗೆ. ಇದನ್ನು ನಾನು ಯೋಚಿಸಲೇ ಇಲ್ಲ. ದೊಡ್ಡವರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆ. ಅವನನ್ನು ಎತ್ತಿಕೊಂಡೆ, ಹಸುವಿನ ಮುಖದ ಹತ್ತಿರ ಒಯ್ದೆ, ಅವನ ಕೈಯನ್ನು ಹಿಡಿದು ನೇರವಾಗಿ ಅದರ ಹಣೆಯ ಮೇಲೆ ಇಡಲು ಹೋದೆ. "ಮುಟ್ಟು ಪುಟ್ಟಾ, ಏನೂ ಮಾಡಲ್ಲ" ಎಂದೆ. ಹಸು ತಲೆ ಕೊಡವಿತು. ಕೊಂಬು ಯಾರಿಗೂ ತಾಗಲಿಲ್ಲ, ಆದರೆ ಹುಡುಗ ಕಿರುಚಿದ. ಅವನ ಕಿರುಚಾಟಕ್ಕೆ ಹಸು ಹಗ್ಗ ಜಗ್ಗಿ ಹಿಂದೆ ಸರಿಯಿತು. ಆಮೇಲೆ ಎರಡು ತಿಂಗಳು ಅವನು ಕೊಟ್ಟಿಗೆಯ ಹೆಸರೆತ್ತಿದರೆ ಸಾಕು, ಬರಲ್ಲ ಅನ್ನುತ್ತಿದ್ದ.

ತಪ್ಪು ನನ್ನದು. ಮಗುವಿಗೆ ಹಸುವನ್ನು ತೋರಿಸಬೇಕು ಅಂತ ಮಾತ್ರ ಯೋಚಿಸಿದ್ದೆ. ಹಸುವಿಗೂ ಆ ಮಗು ಹೊಸದು, ಅದಕ್ಕೂ ಪರಿಚಯ ಆಗಬೇಕು ಅನ್ನುವುದು ಹೊಳೆಯಲಿಲ್ಲ. ಆಮೇಲೆ ದನಕರುಗಳ ಬಗ್ಗೆ ಓದಿದೆ, ಅವುಗಳನ್ನು ಸಾಕಿದವರ ಜೊತೆ ಗಂಟೆಗಟ್ಟಲೆ ಕೂತು ನೋಡಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಸುವಿನ ಕಣ್ಣಿಗೆ ಮಗು ಹೇಗೆ ಕಾಣುತ್ತದೆ

ಹಸುವಿನ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ನಮ್ಮ ಹಾಗೆ ಮುಂದಕ್ಕೆ ನೋಡುವ ಕಣ್ಣಲ್ಲ. ಬೇಟೆಗೆ ಸಿಕ್ಕುವ ಪ್ರಾಣಿಗೆ ಸುತ್ತ ಎಲ್ಲ ಕಡೆಯೂ ಕಾಣಬೇಕು, ಅಲ್ವಾ? ತಲೆ ಅಲ್ಲಾಡಿಸದೆಯೇ ಹಸು ತನ್ನ ಸುತ್ತ ಸುಮಾರು 330 ಡಿಗ್ರಿಯಷ್ಟು ನೋಡಬಲ್ಲದು. ಪೂರ್ತಿ ವೃತ್ತ 360. ಉಳಿದ ಸ್ವಲ್ಪ ಜಾಗ ಇರುವುದು ಅದರ ಬಾಲದ ಹಿಂದೆ. ಅಲ್ಲಿ ಯಾರು ನಿಂತರೂ ಅದಕ್ಕೆ ಕಾಣುವುದಿಲ್ಲ. ಇದಲ್ಲದೆ ಮೂಗಿನ ಎದುರಿಗೇ ಒಂದು ಚಿಕ್ಕ ಕುರುಡು ಜಾಗ ಇದೆ. ನಾನು ಮಗುವಿನ ಕೈಯನ್ನು ಒಯ್ದದ್ದು ಹೆಚ್ಚುಕಡಿಮೆ ಆ ಜಾಗದಿಂದಲೇ. ಹಸುವಿಗೆ ಅನ್ನಿಸಿದ್ದು ಇಷ್ಟು: ಏನೋ ಒಂದು ದಿಢೀರನೆ ಬಂದು ಹಣೆಗೆ ತಾಗಿತು.

ಇನ್ನೊಂದು ವಿಷಯ. ದೂರ ಎಷ್ಟು, ಆಳ ಎಷ್ಟು ಅಂತ ಅಳೆಯಲು ಎರಡೂ ಕಣ್ಣು ಒಂದೇ ವಸ್ತುವನ್ನು ನೋಡಬೇಕು. ಹಸುವಿಗೆ ಅದು ಸಾಧ್ಯವಾಗುವುದು ಮುಂದಿನ ಕಿರಿದಾದ ಜಾಗದಲ್ಲಿ ಮಾತ್ರ. ಹಾಗಾಗಿ ನೆಲದ ಮೇಲಿನ ನೆರಳು ಅದಕ್ಕೆ ಗುಂಡಿಯ ಹಾಗೆ ಕಾಣಬಹುದು. ನೀರು ನಿಂತ ಜಾಗದಲ್ಲಿ ಅದು ಗಕ್ಕನೆ ನಿಲ್ಲುತ್ತದೆ, ತಲೆ ತಗ್ಗಿಸಿ ಮೂಸುತ್ತದೆ, ಆಮೇಲೆ ಕಾಲಿಡುತ್ತದೆ. ಇದನ್ನು ನೋಡಿ ನಾವು ಹಟ ಅನ್ನುತ್ತೇವೆ. ಅದು ಹಟವಲ್ಲ, ನೆಲ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನಗಳು ನಡೆಯುವ ಓಣಿಗಳಿಗೆ ತಾವೇ ಇಳಿದು, ಅವುಗಳ ಕಣ್ಣಿನ ಎತ್ತರದಿಂದ ನೋಡಿ ಇಂಥ ವಿಷಯಗಳನ್ನು ಗುರುತಿಸಿದರು. ನೇತಾಡುವ ಸರಪಳಿ, ಬೇಲಿಯ ಮೇಲೆ ಒಣಗಲು ಹಾಕಿದ ಬಟ್ಟೆ, ನೀರಿನ ಮೇಲೆ ಮಿಂಚುವ ಬಿಸಿಲು. ಮನುಷ್ಯರ ಕಣ್ಣಿಗೆ ಬೀಳದ ಇಂಥ ಸಣ್ಣ ವಸ್ತುಗಳೇ ದನಗಳನ್ನು ಬೆದರಿಸುತ್ತಿದ್ದವು. ಗ್ರಾಂಡಿನ್ ಅವರಿಗೆ ಆಟಿಸಂ ಇದೆ. ತಾವು ಚಿತ್ರಗಳಲ್ಲಿ ಯೋಚಿಸುವುದರಿಂದ ಪ್ರಾಣಿಗಳ ನೋಟ ತಮಗೆ ಬೇಗ ಅರ್ಥವಾಯಿತು ಎಂದು ಅವರು ಹೇಳಿಕೊಂಡಿದ್ದಾರೆ.

ಮಕ್ಕಳ ಜೊತೆ ಇದನ್ನು ಆಟವಾಗಿ ಮಾಡಬಹುದು. ಕೊಟ್ಟಿಗೆಯ ಹೊರಗೆ ಮಗುವನ್ನು ನಿಲ್ಲಿಸಿ, ಎರಡೂ ಅಂಗೈಗಳನ್ನು ಮೂಗಿನ ಎದುರು ಗೋಡೆಯ ಹಾಗೆ ಹಿಡಿಯಲು ಹೇಳಿ. ಈಗ ಪಕ್ಕಕ್ಕೆ ಮಾತ್ರ ಕಾಣುತ್ತದೆ. ಹಾಗೇ ಸ್ವಲ್ಪ ನಡೆಯಲಿ. ನೇರ ಎದುರಿನಿಂದ ನೀವು ಕೈ ಚಾಚಿದರೆ ಮಗುವೇ ಬೆಚ್ಚುತ್ತದೆ. ಆಮೇಲೆ ಜಾಸ್ತಿ ವಿವರಿಸಬೇಕಾದ ಅಗತ್ಯವೇ ಇರುವುದಿಲ್ಲ.

ಬಣ್ಣದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಕೆಂಪು ಬಟ್ಟೆ ಕಂಡರೆ ಗೂಳಿ ಹಾಯುತ್ತದೆ ಅನ್ನುವುದು ಸುಳ್ಳು. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆಯವು, ದನಗಳ ಕಣ್ಣಲ್ಲಿ ಎರಡೇ ಬಗೆ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ಅವುಗಳಿಗೆ ಸರಿಯಾಗಿ ತಿಳಿಯುವುದಿಲ್ಲ. ಗೂಳಿಯನ್ನು ಕೆರಳಿಸುವುದು ಬಟ್ಟೆಯ ಬೀಸಾಟ. ಅಂದರೆ ಮಗುವಿಗೆ ಕೆಂಪು ಅಂಗಿ ಹಾಕಬಹುದು, ಕೈಬೀಸಿಕೊಂಡು ಓಡಬಾರದು ಅಷ್ಟೆ.

ಇನ್ನು ಕಿವಿ. ನಮಗೆ ಕೇಳಿಸದಷ್ಟು ಸಣ್ಣ, ಚುರುಕಾದ ದನಿಯೂ ಹಸುವಿಗೆ ಕೇಳಿಸುತ್ತದೆ. ಮಕ್ಕಳ ಖುಷಿಯ ಕಿರುಚಾಟ ನಮಗೇ ಕಿವಿ ಚುಚ್ಚುತ್ತದೆ ಅಂದಮೇಲೆ ಅದಕ್ಕೆ ಹೇಗಿರಬಹುದು ಯೋಚಿಸಿ. ಮೆಲ್ಲಗೆ, ದಪ್ಪ ದನಿಯಲ್ಲಿ, ಎಳೆದು ಮಾತಾಡಿದರೆ ಅದು ನಿರಾಳವಾಗಿರುತ್ತದೆ. ದನ ಸಾಕುವವರು ಯಾಕೆ ಅವುಗಳ ಜೊತೆ ಆ ರಾಗದಲ್ಲಿ ಮಾತಾಡುತ್ತಾರೆ ಅನ್ನುವುದು ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ಹತ್ತಿರ ಹೋಗುವುದು ಹೇಗೆ

ಪ್ರತಿ ದನಕ್ಕೂ ತನ್ನ ಸುತ್ತ ಒಂದು ಕಾಣದ ಗೆರೆ ಇರುತ್ತದೆ. ಹೊಸಬರು ಆ ಗೆರೆ ದಾಟಿದರೆ ಅದು ಸರಿದು ನಿಲ್ಲುತ್ತದೆ. ದಿನಾ ಜನರ ನಡುವೆ ಇರುವ ಹಸುವಿಗೆ ಆ ಗೆರೆ ಮೈಗೇ ಅಂಟಿಕೊಂಡಿರಬಹುದು, ಬಯಲಲ್ಲಿ ಮೇಯುವ ದನಕ್ಕೆ ಹತ್ತಾರು ಅಡಿ ದೂರ ಇರಬಹುದು. ಮಗುವಿನ ಮೊದಲ ಕೆಲಸ ಆ ಗೆರೆಯನ್ನು ಹುಡುಕುವುದು. ಎರಡು ಹೆಜ್ಜೆ ಇಡು, ನಿಲ್ಲು. ಹಸು ಏನು ಮಾಡಿತು? ತಲೆ ಎತ್ತಿತಾ? ಮೆಲುಕು ನಿಲ್ಲಿಸಿತಾ? ನಿಲ್ಲಿಸಿದ್ದರೆ ನೀನೂ ಅಲ್ಲೇ ನಿಲ್ಲು. ಮತ್ತೆ ಮೆಲ್ಲತೊಡಗಿದರೆ ಇನ್ನೊಂದು ಹೆಜ್ಜೆ. ನಾಲ್ಕೈದು ವರ್ಷದ ಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಆಡುತ್ತಾರೆ ಅಂದರೆ, ಕೊನೆಗೆ ಮುಟ್ಟುವುದನ್ನೇ ಮರೆಯುತ್ತಾರೆ.

ಹೋಗಬೇಕಾದ ದಾರಿ ಹಸುವಿನ ಭುಜದ ಕಡೆಯಿಂದ, ಸ್ವಲ್ಪ ಓರೆಯಾಗಿ. ಅಲ್ಲಿ ಅದಕ್ಕೆ ಮಗು ಚೆನ್ನಾಗಿ ಕಾಣುತ್ತದೆ. ಜೊತೆಗೆ ಯಾವಾಗಲೂ ಆ ಹಸುವನ್ನು ಬಲ್ಲ ಒಬ್ಬರು ದೊಡ್ಡವರು ಅದರ ತಲೆಯ ಹತ್ತಿರ ಇರಬೇಕು. ಮಗು ಕೈಯನ್ನು ತಗ್ಗಿಸಿ ಹಿಡಿಯಲಿ, ಬೆರಳು ಮಡಚಿಕೊಂಡಿರಲಿ. ಹಸು ತಾನೇ ಮೂತಿ ಚಾಚಿ ಮೂಸುತ್ತದೆ. ಅದಕ್ಕೆ ನಮ್ಮ ಹೆಸರಿಗಿಂತ, ಮುಖಕ್ಕಿಂತ ಮೊದಲು ಬೇಕಾಗುವುದು ವಾಸನೆ. ಆ ಒದ್ದೆ ಮೂತಿಯ ಮೇಲಿನ ಸಣ್ಣ ಸಣ್ಣ ಗೆರೆಗಳನ್ನು ಮಗುವಿಗೆ ತೋರಿಸಿ. ನಮ್ಮ ಬೆರಳಚ್ಚಿನ ಹಾಗೆ, ಒಂದು ದನದ ಮೂತಿಯ ಅಚ್ಚು ಇನ್ನೊಂದಕ್ಕೆ ಇರುವುದಿಲ್ಲ. ದನಗಳನ್ನು ಗುರುತಿಸಲು ಆ ಅಚ್ಚನ್ನು ಬಳಸುವುದೂ ಉಂಟು.

ಮೂಸಿದ ಮೇಲೆ ನೆಕ್ಕಿದರೂ ನೆಕ್ಕಬಹುದು. ಇದನ್ನು ಮೊದಲೇ ಹೇಳಿಟ್ಟಿರಿ. ಹಸುವಿನ ನಾಲಿಗೆ ಉಪ್ಪುಕಾಗದದಷ್ಟು ಒರಟು. ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ಗಟ್ಟಿ ಮುಳ್ಳಿನಂಥವು ಇರುತ್ತವೆ, ಹುಲ್ಲು ಜಾರದೆ ಒಳಗೆ ಹೋಗಲಿ ಅಂತ. ಗೊತ್ತಿಲ್ಲದ ಮಗು ಕಚ್ಚಿತು ಅಂತ ಅಳುತ್ತದೆ, ಗೊತ್ತಿರುವ ಮಗು ಇನ್ನೊಂದು ಸಲ ನೆಕ್ಕಿಸಿಕೊಳ್ಳುತ್ತದೆ.

ಮುಟ್ಟುವುದು ಎಲ್ಲಿ? ಹಣೆಯ ಮೇಲೆ ಬೇಡ. ದನಗಳು ತಮ್ಮತಮ್ಮಲ್ಲಿ ತಲೆಗೆ ತಲೆ ಕೊಟ್ಟು ಬಲ ನೋಡುತ್ತವೆ. ಹಣೆ ಒತ್ತಿದರೆ ಅವುಗಳಿಗೆ ಅದು ಗುದ್ದಾಟಕ್ಕೆ ಕರೆದ ಹಾಗೆ. ಪುಟ್ಟ ಕರುವಿನ ಹಣೆ ತಳ್ಳಿ ಆಟ ಆಡಿಸುವುದು ನೋಡಲು ಮುದ್ದಾಗಿರುತ್ತದೆ, ಆದರೆ ಆ ಕರು ಎರಡು ವರ್ಷದಲ್ಲಿ ದೊಡ್ಡ ಹೋರಿಯಾಗಿ ಅದೇ ಆಟಕ್ಕೆ ಬರುತ್ತದೆ. ಈ ಒಂದು ವಿಷಯದಲ್ಲಿ ಮಕ್ಕಳಿಗೆ ಖಡಾಖಂಡಿತವಾಗಿ ಬೇಡ ಅನ್ನಿ. ಹಸುಗಳು ಒಂದನ್ನೊಂದು ಎಲ್ಲಿ ನೆಕ್ಕುತ್ತವೆ ನೋಡಿ: ಕತ್ತು, ಭುಜದ ಮೇಲ್ಭಾಗ, ಕತ್ತಿನ ಅಡಿ. ಅಲ್ಲೇ ನಾವೂ ಕೆರೆಯಬೇಕು. ಕತ್ತಿನ ಅಡಿ ಜೋತಾಡುವ ಗಂಗೆದೊಗಲಿನ ಹತ್ತಿರ ನಿಧಾನವಾಗಿ ಕೆರೆದರೆ ಹಸು ಕತ್ತನ್ನು ಉದ್ದಕ್ಕೆ ಚಾಚುತ್ತದೆ, ಕಿವಿ ಇಳಿಬಿಡುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಕೈ ತೆಗೆದರೆ ಮೂತಿಯಿಂದ ತಿವಿದು ಇನ್ನೂ ಬೇಕು ಅನ್ನುತ್ತದೆ.

ಇದರ ಜೊತೆಗೆ ಬೇಡ ಅನ್ನುವ ಭಾಷೆಯನ್ನೂ ಕಲಿಸಬೇಕು. ಕಿವಿ ಹಿಂದಕ್ಕೆ ಒತ್ತಿಕೊಂಡಿದೆ, ಬಾಲ ಜೋರಾಗಿ ಬೀಸುತ್ತಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ಬುಸ್ ಅನ್ನುತ್ತಿದೆ, ತಲೆ ತಗ್ಗಿಸಿ ಕಾಲಿಂದ ನೆಲ ಕೆರೆಯುತ್ತಿದೆ ಅಂದರೆ ಹಿಂದೆ ಬರಬೇಕು. ಓಡಬಾರದು, ನಿಧಾನವಾಗಿ ಸರಿಯಬೇಕು. ಬಾಲ ಬೀಸಿದ್ದು ನೊಣಕ್ಕೋ ನಮಗೋ ಅಂತ ಮಗು ಮೊದಮೊದಲು ಗುರುತಿಸಲಾರದು, ಪರವಾಗಿಲ್ಲ. ಅನುಮಾನ ಬಂದರೆ ಹಿಂದೆ ಸರಿಯುವುದೇ ಸರಿ.

ಹಸುವಿನ ಒದೆತ ಬಹಳ ಜನ ತಿಳಿದಂತೆ ಹಿಂದಕ್ಕೆ ಮಾತ್ರ ಬೀಳುವುದಿಲ್ಲ. ಅದು ಹಿಂಗಾಲನ್ನು ಮುಂದಕ್ಕೆ ತಂದು, ಪಕ್ಕಕ್ಕೆ ಬೀಸಿ ಒದೆಯಬಲ್ಲದು. ಕೆಚ್ಚಲಿನ ಪಕ್ಕ ನಿಂತ ಮಗುವಿಗೂ ತಾಗುತ್ತದೆ. ಹಿಂಗಾಲಿನ ಆಸುಪಾಸು ಮಕ್ಕಳಿಗೆ ಜಾಗವಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ಹಸು ಬೆದರಿ ಓಡಿದರೆ ಮಗುವನ್ನು ಎಳೆದುಕೊಂಡೇ ಹೋಗುತ್ತದೆ. ಮತ್ತೆ ಈಗಷ್ಟೇ ಈದ ಹಸು. ನಿನ್ನೆಯವರೆಗೆ ಎಷ್ಟೇ ಸಾಧುವಾಗಿದ್ದರೂ ಇವತ್ತು ಅದು ತಾಯಿ. ಕರು ಮತ್ತು ತಾಯಿಯ ನಡುವೆ ಯಾರೂ ನಿಲ್ಲಬಾರದು, ಮನೆಯವರೂ ಸಹ. ಎಳೆಗರುವನ್ನು ಮಗು ದೂರದಿಂದ ನೋಡಲಿ. ಗೂಳಿಯ ಹತ್ತಿರ ಮಕ್ಕಳನ್ನು ಬಿಡುವ ಮಾತೇ ಇಲ್ಲ.

ಹಸು, ಹೋರಿ, ಎತ್ತು, ಎಮ್ಮೆ

"ಆ ಗಂಡು ಹಸು ಯಾವುದು?" ಅಂತ ಮಕ್ಕಳು ಕೇಳುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಎಷ್ಟು ಚೆಂದದ ಪದಗಳಿವೆ! ಹಸು ಅಂದರೆ ಹೆಣ್ಣು. ಇನ್ನೂ ಈಯದ ಹರೆಯದ ಹೆಣ್ಣು ಕಡಸು. ಹೆಣ್ಣುಗರು, ಹೋರಿಗರು ಅಂತ ಮರಿಗಳಲ್ಲೇ ಬೇರೆ ಬೇರೆ ಹೆಸರು. ಗಂಡು ಬೆಳೆದರೆ ಹೋರಿ, ತಳಿಗೆ ಬಿಟ್ಟದ್ದು ಗೂಳಿ, ಬೀಜ ಒಡೆದು ದುಡಿಮೆಗೆ ಪಳಗಿಸಿದ್ದು ಎತ್ತು. ಎಲ್ಲ ಸೇರಿ ದನ. ಎಮ್ಮೆಯ ಗಂಡು ಕೋಣ. ಕೊಂಬಿದ್ದರೆ ಗಂಡು ಅಂತ ಬಹಳ ಮಕ್ಕಳು ಅಂದುಕೊಂಡಿರುತ್ತಾರೆ. ಹಸುಗಳಿಗೂ ಕೊಂಬಿರುತ್ತದೆ, ಕೆಲವು ತಳಿಗಳಲ್ಲಿ ಗಂಡಿಗೂ ಇರುವುದಿಲ್ಲ. ನೋಡಬೇಕಾದದ್ದು ಕೆಚ್ಚಲು.

ಎಮ್ಮೆ ಅಂದರೆ ಕಪ್ಪು ಹಸು ಅಲ್ಲ. ನೋಡಲು ನೆಂಟರಂತೆ ಕಂಡರೂ ಎರಡೂ ಬೇರೆ ಪ್ರಾಣಿಗಳು, ಕೂಡಿ ಮರಿ ಹಾಕಲಾರವು. ಹಸುವಿನ ಮೈಯ ಪ್ರತಿ ಜೀವಕೋಶದಲ್ಲಿ 60 ವರ್ಣತಂತುಗಳು, ಹಾಲಿಗೆ ಸಾಕುವ ಎಮ್ಮೆಯಲ್ಲಿ 50. ಎಮ್ಮೆಗೆ ಬೆವರು ಗ್ರಂಥಿ ತುಂಬ ಕಡಿಮೆ, ಚರ್ಮ ಕಪ್ಪು, ಕೂದಲು ವಿರಳ. ಬಿಸಿಲು ಏರಿದರೆ ಅದಕ್ಕೆ ಮೈ ತಂಪು ಮಾಡಿಕೊಳ್ಳಲು ನೀರು ಅಥವಾ ಕೆಸರು ಬೇಕೇ ಬೇಕು. ಕೆಸರಲ್ಲಿ ಬಿದ್ದಿರುವ ಎಮ್ಮೆಯನ್ನು ಕೊಳಕು ಅನ್ನುವ ಮಗುವಿಗೆ ಇದನ್ನು ಹೇಳಿ. ಕೆಸರು ಒಣಗಿ ಮೈಗೆ ಅಂಟಿದರೆ ನೊಣ, ಸೊಳ್ಳೆಯಿಂದಲೂ ರಕ್ಷಣೆ. ಎಮ್ಮೆಯ ಹಾಲು ಬಿಳಿ, ಹಸುವಿನ ಹಾಲಿನಲ್ಲಿ ಒಂದು ಚೂರು ಹಳದಿ. ಹುಲ್ಲಿನಲ್ಲಿರುವ ಕ್ಯಾರೊಟಿನ್ ಎಂಬ ಹಳದಿ ಬಣ್ಣದ ಒಂದು ಪಾಲು ಹಸುವಿನ ಹಾಲಿಗೆ ಹಾಗೇ ಬರುತ್ತದೆ. ಎಮ್ಮೆ ಅದನ್ನೆಲ್ಲ ವಿಟಮಿನ್ ಎ ಆಗಿ ಬದಲಿಸಿಬಿಡುತ್ತದೆ. ಎರಡು ಲೋಟ ಪಕ್ಕಪಕ್ಕ ಇಟ್ಟರೆ ಮಗುವಿಗೇ ಕಾಣುತ್ತದೆ.

ಹಸುಗಳಲ್ಲೂ ಕೆಲವಕ್ಕೆ ಭುಜದ ಮೇಲೆ ಡುಬ್ಬ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇದರ ಹಿಂದೆ ದೊಡ್ಡ ಕಥೆ ಇದೆ. ಇವೆಲ್ಲ ಔರಾಕ್ಸ್ ಎಂಬ ಕಾಡುದನದ ಸಂತತಿ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನ ಅದನ್ನು ಪಳಗಿಸಿದರು, ಡುಬ್ಬವಿಲ್ಲದ ತಳಿಗಳು ಅಲ್ಲಿಂದ ಬಂದವು. ಬೇರೆಯಾಗಿ, ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಕಣಿವೆಯ ಕಡೆಯವರು ತಮ್ಮಲ್ಲಿದ್ದ ಕಾಡುದನವನ್ನು ಪಳಗಿಸಿದರು, ಡುಬ್ಬದ ತಳಿಗಳು ಅಲ್ಲಿಯವು. ಕಾಡಿನ ಔರಾಕ್ಸ್ ಮಾತ್ರ ಉಳಿಯಲಿಲ್ಲ. ಕೊನೆಯದು 1627ರಲ್ಲಿ ಪೋಲೆಂಡಿನ ಒಂದು ಕಾಡಿನಲ್ಲಿ ಸತ್ತಿತು.

ಹೊಟ್ಟೆಯೊಳಗಿನ ಊರು

ಮಕ್ಕಳನ್ನು ಹಸುವಿನ ಹತ್ತಿರ ಅರ್ಧ ಗಂಟೆ ಕೂರಿಸಬೇಕೆ? ಮೆಲುಕು ತೋರಿಸಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಮೊದಲು ಬಾಯಿ. ಹಸುವಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಅಲ್ಲಿ ಗಟ್ಟಿಯಾದ ಒಸಡಿನ ದಿಂಬು ಇದೆ. ಕೆಳಗೆ 8 ಹಲ್ಲು. ಹುಲ್ಲನ್ನು ಅದು ಕಚ್ಚುವುದಿಲ್ಲ, ಉದ್ದ ನಾಲಿಗೆಯಿಂದ ಸುತ್ತಿ ಹಿಡಿದು ಕೆಳಗಿನ ಹಲ್ಲಿಗೂ ಆ ದಿಂಬಿಗೂ ಒತ್ತಿ ಕಿತ್ತುಕೊಳ್ಳುತ್ತದೆ. ಮೇಯುವಾಗ ಪರ್ ಪರ್ ಎಂಬ ಸದ್ದು ಅದೇ. ಕಿತ್ತದ್ದನ್ನು ಸರಿಯಾಗಿ ಅಗಿಯುವುದೂ ಇಲ್ಲ, ಸುಮ್ನೆ ನುಂಗಿಬಿಡುತ್ತದೆ. ಬೇಗ ಬೇಗ ತುಂಬಿಕೊಂಡು, ಆಮೇಲೆ ಭಯವಿಲ್ಲದ ಜಾಗದಲ್ಲಿ ಕೂತು ಅಗಿಯುವುದು ಕಾಡಿನಲ್ಲಿದ್ದಾಗಿನ ಅಭ್ಯಾಸ.

ಹಸುವಿಗೆ ನಾಲ್ಕು ಹೊಟ್ಟೆ ಅನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಒಂದೇ ಹೊಟ್ಟೆ, ನಾಲ್ಕು ಕೋಣೆ. ಮೊದಲನೆಯದು ಭಾರಿ ದೊಡ್ಡದು, ಬೆಳೆದ ಹಸುವಿನಲ್ಲಿ 100 ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಮೈಯ ಎಡಗಡೆ ಪೂರ್ತಿ ಅದೇ. ಇಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ನಮಗೂ ಇಲ್ಲ, ನಿಜ ಹೇಳಬೇಕೆಂದರೆ ಹಸುವಿಗೂ ಇಲ್ಲ. ಆ ಕೆಲಸ ಈ ಜೀವಿಗಳದ್ದು. ಅವು ನಾರನ್ನು ಕೊಳೆಸಿ ಒಡೆಯುತ್ತವೆ, ಅದರಿಂದ ಬರುವ ಆಮ್ಲಗಳೇ ಹಸುವಿಗೆ ಶಕ್ತಿ. ಕೊನೆಗೆ ಆ ಜೀವಿಗಳೂ ಮುಂದಿನ ಕೋಣೆಗಳಿಗೆ ಹರಿದು ಹೋಗಿ ತಾವೇ ಆಹಾರವಾಗುತ್ತವೆ. ಹಸು ತಿನ್ನುವುದು ಹುಲ್ಲು, ಆದರೆ ಅದಕ್ಕೆ ಸಿಗುವ ಪ್ರೋಟೀನಿನ ದೊಡ್ಡ ಪಾಲು ಈ ಜೀವಿಗಳ ಮೈಯಿಂದ. ನಾನು ಮಕ್ಕಳಿಗೆ ಹೇಳುವುದು ಹೀಗೆ: ಹಸು ಹುಲ್ಲು ತಿಂದು ಒಂದು ಊರನ್ನೇ ಸಾಕುತ್ತದೆ, ಆ ಊರು ಹಸುವನ್ನು ಸಾಕುತ್ತದೆ.

ಎರಡನೇ ಕೋಣೆಯ ಒಳಗೋಡೆ ಜೇನುಗೂಡಿನ ಹಾಗೆ. ಇದರದ್ದೊಂದು ತೊಂದರೆ ಇದೆ. ನೋಡದೆ ನುಂಗುವ ಹಸುವಿನ ಹೊಟ್ಟೆಗೆ ಮೊಳೆ, ತಂತಿ ಸೇರಿದರೆ ಅವು ಬಂದು ಬೀಳುವುದು ಇಲ್ಲೇ. ಈ ಕೋಣೆಯ ಮುಂದೆಯೇ ಹೃದಯ. ತಂತಿ ಗೋಡೆ ತೂರಿ ಹೃದಯಕ್ಕೆ ಚುಚ್ಚಿ ಹಸು ಸತ್ತುಹೋಗಬಹುದು. ಅದಕ್ಕೆ ಕೆಲವು ಕಡೆ ಹಸುವಿಗೆ ಒಂದು ಅಯಸ್ಕಾಂತವನ್ನೇ ನುಂಗಿಸುತ್ತಾರೆ. ಅದು ಜೀವನಪೂರ್ತಿ ಆ ಕೋಣೆಯಲ್ಲೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಇಂಥ ಉಪಾಯವಿಲ್ಲ. ಅದು ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ, ಉಂಡೆಯಾಗಿ ಮೊದಲ ಕೋಣೆಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಅಯಸ್ಕಾಂತದ ಕಥೆ ಕೇಳಿದ ನಮ್ಮ ಹುಡುಗ ಮರುದಿನದಿಂದ ಕೊಟ್ಟಿಗೆಯ ಅಂಗಳದಲ್ಲಿ ಬಿದ್ದ ಒಂದು ಪಿನ್ನನ್ನೂ ಬಿಡದೆ ಹೆಕ್ಕತೊಡಗಿದ.

ಮೂರನೆಯ ಕೋಣೆಯ ಒಳಗೆ ಪುಸ್ತಕದ ಹಾಳೆಗಳಂಥ ಮಡಿಕೆಗಳು, ನೀರು ಹೀರಲು. ನಾಲ್ಕನೆಯದು ನಮ್ಮ ಹೊಟ್ಟೆಯ ಥರದ್ದೇ.

ಈಗ ಮೆಲುಕು. ಹಸು ಮಲಗಿದೆ. ಕಣ್ಣು ಅರೆಮುಚ್ಚಿದೆ. ಕತ್ತಿನ ಕಡೆ ನೋಡುತ್ತಿರಲು ಹೇಳಿ. ಚರ್ಮದ ಅಡಿಯಲ್ಲಿ ಒಂದು ಉಂಡೆ ಎದೆಯ ಕಡೆಯಿಂದ ಗಂಟಲಿಗೆ ಸರ್ರನೆ ಏರುತ್ತದೆ. ದವಡೆ ಅಡ್ಡಡ್ಡ ಆಡತೊಡಗುತ್ತದೆ, ರಾಗಕ್ಕೆ ತಾಳ ಹಾಕಿದ ಹಾಗೆ. ಸಾಮಾನ್ಯವಾಗಿ 40ರಿಂದ 60 ಸಲ. ಆಮೇಲೆ ಗುಟುಕ್ಕನೆ ಕೆಳಗೆ. ಒಂದೆರಡು ಕ್ಷಣ ಏನೂ ಇಲ್ಲ. ಮತ್ತೆ ಇನ್ನೊಂದು ಉಂಡೆ ಮೇಲೆ. ದಿನಕ್ಕೆ ಏಳೆಂಟು ಗಂಟೆ ಹೀಗೆ. ಇದಕ್ಕೆ ಬೇಕಾಗುವ ಜೊಲ್ಲು ದಿನಕ್ಕೆ 100 ಲೀಟರಿಗೂ ಜಾಸ್ತಿ. ಆ ಜೊಲ್ಲೇ ಹೊಟ್ಟೆಯ ಆಮ್ಲವನ್ನು ಹದದಲ್ಲಿ ಇಡುತ್ತದೆ. ಕೊಳೆಯುವಾಗ ಹುಟ್ಟುವ ಗಾಳಿ ತೇಗಿನಲ್ಲಿ ಹೊರಬರುತ್ತದೆ. ಅದರಲ್ಲಿ ಮೀಥೇನ್ ಇದೆ, ಭೂಮಿ ಬಿಸಿಯಾಗಲು ಅದೂ ಒಂದು ಕಾರಣ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದನ್ನೂ ಹೇಳಬಹುದು.

ಹಸು ಏಳುವುದನ್ನೂ ನೋಡಿಸಿ. ಮಲಗುವಾಗ ಮುಂಗಾಲಿನ ಮಂಡಿ ಮೊದಲು ಊರುತ್ತದೆ. ಏಳುವಾಗ ಹಿಂಭಾಗ ಮೊದಲು ಎದ್ದು, ಒಂದು ಗಳಿಗೆ ಮಂಡಿಯೂರಿ ನಿಂತು, ಆಮೇಲೆ ಮುಂಭಾಗ. ಕುದುರೆ ಏಳುವುದು ಇದಕ್ಕೆ ಉಲ್ಟಾ. ಮಕ್ಕಳು ಇದನ್ನು ನೆಲದ ಮೇಲೆ ಮಾಡಿ ತೋರಿಸದೆ ಇರಲಾರರು.

ಹಾಲಿನ ಬಗ್ಗೆ ನಿಜ ಹೇಳುವುದು

ಹಸು ಹಾಲು ಕೊಡುತ್ತದೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ನಲ್ಲಿ ತಿರುಗಿಸಿದರೆ ನೀರು ಬಂದ ಹಾಗೆ ಅಂತ ಮಗು ತಿಳಿಯುತ್ತದೆ. ಹಸು ಹಾಲು ಕೊಡಬೇಕಾದರೆ ಮೊದಲು ಈಯಬೇಕು. ಗಬ್ಬ ನಿಂತು ಸುಮಾರು 280 ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮ್ಮಂದಿರಷ್ಟೇ. ಎಮ್ಮೆಗೆ ಹತ್ತು ತಿಂಗಳು ದಾಟುತ್ತದೆ. ಹುಟ್ಟಿದ ಕರು ಗಂಟೆ ಎರಡು ಗಂಟೆಯೊಳಗೆ ನಡುಗುವ ಕಾಲಲ್ಲಿ ಎದ್ದು ಕೆಚ್ಚಲು ಹುಡುಕುತ್ತದೆ. ಆ ಮೊದಲ ಗಿಣ್ಣುಹಾಲು ಕರುವಿಗೆ ಜೀವ ಉಳಿಸುವ ಮದ್ದು. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಗರ್ಭದಲ್ಲೇ ಸ್ವಲ್ಪ ಬಂದಿರುತ್ತದೆ. ಕರುವಿಗೆ ಹಾಗಲ್ಲ, ಅದು ಬರುವುದು ಗಿಣ್ಣಿನಿಂದಲೇ. ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ ಮಾತ್ರ. ಒಂದು ದಿನ ಕಳೆದರೆ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆ.

ಒಂದು ಲೀಟರ್ ಹಾಲು ಆಗಲು ಕೆಚ್ಚಲಿನ ಮೂಲಕ 400ರಿಂದ 500 ಲೀಟರ್ ರಕ್ತ ಹರಿದು ಹೋಗಬೇಕು. ಹಾಲು ಕೆಚ್ಚಲಲ್ಲಿ ತುಂಬಿದ್ದರೂ ಹಸುವಿಗೆ ಮನಸ್ಸು ಬಂದರೆ ಮಾತ್ರ ತೊರೆ ಬಿಡುತ್ತದೆ. ಕರು ಗುಮ್ಮಿದಾಗ, ಕೆಚ್ಚಲು ತೊಳೆದು ನೀವಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ, ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಆ ಹೊತ್ತಿಗೆ ಮಗು ಕಿರುಚಿ ಹಸು ಬೆದರಿದರೆ ಹಾಲು ನಿಂತೇಹೋಗುತ್ತದೆ. ಕರೆಯುವಾಗ ಸದ್ದು ಮಾಡಬೇಡ ಅಂತ ಬೈಯುವ ಬದಲು ಈ ಕಾರಣ ಹೇಳಿ. ಕಾರಣ ಗೊತ್ತಾದ ಮಕ್ಕಳು ಪಿಸುದನಿಯಲ್ಲಿ ಮಾತಾಡುತ್ತಾರೆ.

ಆಮೇಲೆ ಆ ಪ್ರಶ್ನೆ ಬರುತ್ತದೆ. "ನಾವು ಕುಡಿದರೆ ಕರುವಿಗೆ?" ಇದನ್ನು ಹಾರಿಸಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಕೆಲವು ಕೊಟ್ಟಿಗೆಗಳಲ್ಲಿ ಕರುವಿಗೆ ಬಿಟ್ಟು ಉಳಿದದ್ದನ್ನು ಕರೆಯುತ್ತಾರೆ, ದೊಡ್ಡ ಡೇರಿಗಳಲ್ಲಿ ಕರುವನ್ನು ಬೇಗನೆ ಬೇರೆ ಮಾಡಿ ಬಾಟಲಿಯಲ್ಲೋ ಬಕೆಟ್ಟಿನಲ್ಲೋ ಕುಡಿಸುತ್ತಾರೆ. ನೀವು ನೋಡಲು ಹೋದಲ್ಲಿ ಏನು ನಡೆಯುತ್ತದೋ ಅದನ್ನು ಹೇಳಿ. ಹೋರಿಗರುಗಳು ಏನಾಗುತ್ತವೆ ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಪ್ರಪಂಚದ ಎಷ್ಟೋ ಕಡೆ ಅವು ಮಾಂಸಕ್ಕೆ ಹೋಗುತ್ತವೆ. ಮಗು ಕೇಳಿದಷ್ಟಕ್ಕೆ, ಅದರ ವಯಸ್ಸಿಗೆ ತಕ್ಕ ಹಾಗೆ, ಸುಳ್ಳು ಸೇರಿಸದೆ ಉತ್ತರ ಕೊಟ್ಟರೆ ಸಾಕು. ಅಳು ಬಂದರೆ ಅಳಲಿ. ಸುಳ್ಳು ಹೇಳಿ ಆಮೇಲೆ ಸಿಕ್ಕಿಬೀಳುವುದು ಅದಕ್ಕಿಂತ ಕೆಟ್ಟದ್ದು.

ಕೈ ತೊಳೆಯುವುದು, ಹಾಲು ಕಾಯಿಸುವುದು

ಕೊಟ್ಟಿಗೆಯಿಂದ ಬಂದ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಸಾಲದು. ಕರುಗಳ ಭೇದಿಯಿಂದ ಹರಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿ ಅದಕ್ಕೆ ಸಾಯುವುದಿಲ್ಲ. ಒಳಗೆ ಏನೂ ತಿನ್ನಬಾರದು, ಬೆರಳು ಚೀಪುವ ಮಕ್ಕಳ ಮೇಲೆ ಕಣ್ಣಿರಲಿ. ಆರೋಗ್ಯವಾಗಿ ಕಾಣುವ ದನದ ಸಗಣಿಯಲ್ಲೂ ಕೆಲವೊಮ್ಮೆ ಇ ಕೋಲಿಯ ಕೆಟ್ಟ ತಳಿ ಇರುತ್ತದೆ. 5 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅದು ಕಿಡ್ನಿಯನ್ನೇ ಕೆಡಿಸಬಹುದು. ಆಗಷ್ಟೇ ಕರೆದ ನೊರೆಹಾಲನ್ನು ಮಗುವಿಗೆ ಹಾಗೇ ಕುಡಿಸುವ ಆಸೆ ಎಷ್ಟೇ ಆದರೂ ಬೇಡ. ಕ್ಷಯ, ಬ್ರುಸೆಲ್ಲೋಸಿಸ್ ಎಂಬ ಜ್ವರ ಎರಡೂ ಹಸಿ ಹಾಲಿನಿಂದ ಬರಬಹುದು. ಕಾಯಿಸಿ ಕೊಡಿ.

ಇಷ್ಟು ಕೇಳಿ ಹೆದರಿ ಮಕ್ಕಳನ್ನು ದೂರ ಇಡಬೇಕಾಗಿಲ್ಲ. 2016ರಲ್ಲಿ ಅಮೆರಿಕದಲ್ಲಿ ಎರಡು ರೈತ ಸಮುದಾಯಗಳ ಮಕ್ಕಳನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಆಮಿಷ್ ಮಕ್ಕಳು ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ದನಗಳ ಜೊತೆ ಬೆಳೆಯುವವರು, ಹಟರೈಟ್ ಮಕ್ಕಳು ದೊಡ್ಡ ಯಂತ್ರಗಳ ಫಾರ್ಮಿನವರು, ದನಗಳಿಂದ ದೂರ. ಆಮಿಷ್ ಮಕ್ಕಳಲ್ಲಿ ಉಬ್ಬಸ ಇದ್ದದ್ದು ಸುಮಾರು 5%, ಹಟರೈಟ್ ಮಕ್ಕಳಲ್ಲಿ ಸುಮಾರು 21%. ಎರಡೂ ಗುಂಪಿನ ಮೂಲ, ಊಟ, ಬದುಕು ಹೆಚ್ಚುಕಡಿಮೆ ಒಂದೇ. ಆಮಿಷ್ ಮನೆಗಳ ಧೂಳಿನಲ್ಲಿದ್ದ ಸೂಕ್ಷ್ಮಜೀವಿಗಳ ಅಂಶ ಮಕ್ಕಳ ರೋಗನಿರೋಧಕ ಶಕ್ತಿಯನ್ನು ಪಳಗಿಸುತ್ತದೆ ಅನ್ನುವುದು ಅಧ್ಯಯನ ಮಾಡಿದವರ ವಿವರಣೆ.

ಲಸಿಕೆ ಚುಚ್ಚಿಸಿಕೊಂಡು ಅಳುವ ಮಗುವಿಗೆ ಇನ್ನೊಂದು ಕಥೆ ಹೇಳಬಹುದು. 1796ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹುಡುಗಿಯೊಬ್ಬಳ ಕೈಯಲ್ಲಿದ್ದ ದನದ ಸಿಡುಬಿನ ಗುಳ್ಳೆಯಿಂದ ಕೀವು ತೆಗೆದು ಜೇಮ್ಸ್ ಫಿಪ್ಸ್ ಎಂಬ 8 ವರ್ಷದ ಹುಡುಗನಿಗೆ ಚುಚ್ಚಿದ. ಅವಳಿಗೆ ಅದು ಬಂದದ್ದು ಬ್ಲಾಸಂ ಎಂಬ ಹಸುವಿನ ಕೆಚ್ಚಲಿನಿಂದ. ಆ ಹುಡುಗನಿಗೆ ಸಿಡುಬು ತಟ್ಟಲಿಲ್ಲ. ಲ್ಯಾಟಿನ್‌ನಲ್ಲಿ ಹಸುವಿಗೆ ವಾಕಾ ಅನ್ನುತ್ತಾರೆ, ವ್ಯಾಕ್ಸಿನ್ ಎಂಬ ಹೆಸರು ಅಲ್ಲಿಂದಲೇ ಬಂತು.

ತುಂಬ ಹೆದರುವ ಮಗುವಾದರೆ ಕುರಿ, ಮೇಕೆಯಿಂದ ಶುರು ಮಾಡಿ. ಅವೂ ಮೆಲುಕು ಹಾಕುತ್ತವೆ, ಎತ್ತರ ಮಗುವಿನಷ್ಟೇ. ಮೇಕೆಯ ಕಣ್ಣಿನ ಅಡ್ಡ ಪಾಪೆ ನೋಡಿ ಮಕ್ಕಳು ಬೆರಗಾಗುತ್ತಾರೆ. ಕುರಿ ದಡ್ಡ ಅನ್ನುವ ಮಾತನ್ನು ಮಾತ್ರ ಕಲಿಸಬೇಡಿ. 50 ಕುರಿಗಳ ಮುಖವನ್ನು ಎರಡು ವರ್ಷದವರೆಗೆ ನೆನಪಿಡಬಲ್ಲವು ಅಂತ 2001ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ನಮ್ಮ ಹುಡುಗ ಮತ್ತೆ ಕೊಟ್ಟಿಗೆಗೆ ಬಂದದ್ದು ಆ ಎರಡು ತಿಂಗಳ ಮೇಲೆ. ಈ ಸಲ ನಾನು ಎತ್ತಿಕೊಳ್ಳಲಿಲ್ಲ, ಮುಟ್ಟು ಅನ್ನಲೂ ಇಲ್ಲ. ಬೇಲಿಯ ಆಚೆ ಒಂದು ಗೋಣಿಚೀಲ ಹಾಸಿ ಇಬ್ಬರೂ ಕೂತೆವು. ಹಸು ಒಳಗೆ ಮಲಗಿ ಮೆಲುಕು ಹಾಕುತ್ತಿತ್ತು. ಕತ್ತಿನಲ್ಲಿ ಉಂಡೆ ಏರುವುದನ್ನು ತೋರಿಸಿ, ಎಷ್ಟು ಸಲ ಅಗಿಯುತ್ತದೆ ಎಣಿಸು ಅಂದೆ. ಅವನಿಗೆ 20ರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಇಪ್ಪತ್ತಾದಾಗಲೆಲ್ಲ ಒಂದು ಕಲ್ಲು ಪಕ್ಕಕ್ಕೆ ಇಟ್ಟು ಮತ್ತೆ ಒಂದರಿಂದ ಶುರು ಮಾಡಿದ. ಮೊದಲ ಉಂಡೆಗೆ ಎರಡು ಕಲ್ಲು, ಮೇಲೆ ಹನ್ನೆರಡು. ಎರಡನೆಯದಕ್ಕೆ ಎರಡು ಕಲ್ಲು, ಮೇಲೆ ಏಳು. ಮೂರನೆಯದು ಎಣಿಸುವಾಗ ಹಸು ಮೆಲ್ಲುವುದನ್ನು ನಿಲ್ಲಿಸಿ ಎದ್ದು ನಿಂತಿತು, ಬೇಲಿಯ ಹತ್ತಿರ ಬಂದು ಮೂತಿಯನ್ನು ಸಂದಿಯಿಂದ ಹೊರಗೆ ಚಾಚಿತು. ಅವನು ಕಲ್ಲು ಹಿಡಿದ ಕೈಯನ್ನು ಹಾಗೇ ತಗ್ಗಿಸಿ ಹಿಡಿದ. ಹಸು ಮೂಸಿತು, ಒಮ್ಮೆ ನೆಕ್ಕಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. "ಚಿಕ್ಕಮ್ಮಾ," ಎಂದು ಪಿಸುಗುಟ್ಟಿದ, "ಈಗ ಅದಕ್ಕೆ ನಾನು ಗೊತ್ತಾದೆ."